ಫೋರ್ಟ್ ಕೆಂಟ್: ನರ್ಸಿಂಗ್ ಓದುವವರಿಗೂ ಫ್ರೆಂಚ್ ಬೇಕಾ?

ಸುಮಾ: ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿಯಲ್ಲಿ ಫೋರ್ಟ್ ಕೆಂಟ್ ಅಂತ ಊರಿದೆ. 2020ರ ಜನಗಣತಿಯಲ್ಲಿ 4,067 ಜನ. ಸೇಂಟ್ ಜಾನ್ ನದಿ ದಾಟಿದರೆ ಕೆನಡಾ. ಇಷ್ಟು ಚಿಕ್ಕ ಊರಲ್ಲೂ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇದೆ. ಹಳಬರ ಮನೆಮಾತು ಫ್ರೆಂಚ್. ಅಲ್ಲಿ ನರ್ಸಿಂಗ್ ಓದುವವರಿಗೆ ಆಡುಮಾತಿನ ಫ್ರೆಂಚ್ ಕಡ್ಡಾಯ ಮಾಡಬೇಕು ಅನ್ನೋದು ನನ್ನ ವಾದ.

ಗಿರೀಶ್ ಕೆ: ಕಡ್ಡಾಯ ಯಾಕೆ? ಬೇರೆ ಊರಿಂದ ಬಂದು, ಆನ್‌ಲೈನ್‌ನಲ್ಲಿ ಓದುವವರೂ ಇರುತ್ತಾರೆ. ಅವರ ಮೇಲೆ ಸುಮ್ನೆ ಹೊರೆ ಹಾಕಿದರೆ ಸೇರುವವರೇ ಕಡಿಮೆ ಆಗುತ್ತಾರೆ. ಚಿಕ್ಕ ಕಾಲೇಜಿಗೆ ಅದು ಜೀವಕ್ಕೇ ಕುತ್ತು. ಫ್ರೆಂಚ್ ಬೇಕಾದವರಿಗೆ ಹತ್ತಿರದಲ್ಲೇ ಕೆನಡಾದ ಎಡ್ಮಂಡ್‌ಸ್ಟನ್ ಊರಿದೆ. ಮಾಂಕ್ಟನ್ ವಿಶ್ವವಿದ್ಯಾಲಯದ ಕ್ಯಾಂಪಸ್ ಅಲ್ಲಿದೆ, ಪಾಠವೆಲ್ಲ ಫ್ರೆಂಚ್‌ನಲ್ಲೇ.

ಸುಮಾ: ಎಡ್ಮಂಡ್‌ಸ್ಟನ್ ಇರೋದು ಬೇರೆ ದೇಶದಲ್ಲಿ. ಅಮೆರಿಕ ಮತ್ತು ಬ್ರಿಟನ್ ನಡುವಿನ 1842ರ ಒಪ್ಪಂದ ನದಿಯನ್ನೇ ಗಡಿ ಮಾಡಿತು. ಒಂದೇ ಮನೆತನದವರು ಎರಡು ದೇಶದವರಾದರು. ಈ ಕಡೆ ಉಳಿದವರಿಗೆ ಏನಾಯ್ತು ನೋಡಿ. 1878ರಲ್ಲಿ ಫೋರ್ಟ್ ಕೆಂಟ್‌ನ ಈ ವಿಶ್ವವಿದ್ಯಾಲಯ ಶುರುವಾದಾಗ ಹೆಸರು ಮಡವಾಸ್ಕಾ ಟ್ರೇನಿಂಗ್ ಸ್ಕೂಲ್. ಫ್ರೆಂಚ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರನ್ನು ತಯಾರು ಮಾಡೋದೇ ಅದರ ಕೆಲಸ. 1919ರಲ್ಲಿ ಸರ್ಕಾರಿ ಶಾಲೆಯ ಪಾಠವೆಲ್ಲ ಇಂಗ್ಲಿಷಲ್ಲೇ ಇರಬೇಕು ಅಂತ ಕಾನೂನು ಬಂತು. ಆಟದ ಬಯಲಲ್ಲಿ ಫ್ರೆಂಚ್ ಮಾತಾಡಿ ಸಿಕ್ಕಿಬಿದ್ದ ಮಕ್ಕಳ ಕೈಲಿ ‘ಇನ್ನು ಫ್ರೆಂಚ್ ಮಾತಾಡಲ್ಲ’ ಅಂತ ಸಾಲು ಸಾಲು ಬರೆಸುತ್ತಿದ್ದರು. ಆ ಸಾಲವನ್ನು ಸರ್ಕಾರ ತೀರಿಸಬೇಕಲ್ವಾ?

ನದೀಮ್: ಅದೇ ಕಾರಣಕ್ಕೆ ನನಗೆ ಕಡ್ಡಾಯ ಹಿಡಿಸಲ್ಲ. ಬಲವಂತದಿಂದ ಕಿತ್ತುಕೊಂಡ ಭಾಷೆಯನ್ನು ಬಲವಂತದಿಂದಲೇ ಕೊಡೋದಾ? 1990ರಿಂದ ಅಲ್ಲಿ ಅಕೇಡಿಯನ್ ಆರ್ಕೈವ್ಸ್ ಇದೆ, ಅಂದರೆ ಅಲ್ಲಿನ ಫ್ರೆಂಚ್ ಮೂಲದವರಾದ ಅಕೇಡಿಯನ್ನರ ದಾಖಲೆಗಳ ಸಂಗ್ರಹ. ಹಿರಿಯರ ಮಾತಿನ ಧ್ವನಿಮುದ್ರಣಗಳಿವೆ, ಹಾಡು, ಕಥೆ, ಅಡುಗೆ ಎಲ್ಲ ಇದೆ. ಅದಕ್ಕೆ ಜಾಸ್ತಿ ದುಡ್ಡು ಕೊಡಲಿ.

ಸುಮಾ: ಆರ್ಕೈವ್ ಬೇಕೇ ಬೇಕು. ಆದರೆ ಅಲ್ಲಿರೋದು ಆಗಲೇ ಆಡಿ ಮುಗಿದ ಮಾತು. ಮರೆವಿನ ಕಾಯಿಲೆ ಬಂದ ಅಜ್ಜಿಗೆ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಮಾಸಿಹೋಗಬಹುದು. ಆಗ ‘ಎಲ್ಲಿ ನೋವು’ ಅಂತ ಅವಳ ಮಾತಲ್ಲೇ ಕೇಳುವ ನರ್ಸ್ ಬೇಕು. ಬೆಳಿಗ್ಗೆ ಪ್ಲಾಯ್ ತಿಂದಿರಾ ಅಂತಲೂ ಕೇಳಬೇಕು. ಪ್ಲಾಯ್ ಅಂದರೆ ಬಕ್‌ವೀಟ್ ಅನ್ನೋ ಕಾಳಿನ ಹಿಟ್ಟಿನ ದೋಸೆ. ಒಂದೇ ಮಗ್ಗುಲು ಬೇಯಿಸುತ್ತಾರೆ, ಮಗುಚಲ್ಲ.

ಗಿರೀಶ್ ಕೆ: ಅಜ್ಜಿಯ ವಿಷಯ ಒಪ್ಪಿದೆ. ಹಾಗಾದರೆ ಸೇಂಟ್ ಜಾನ್ ನದಿ ಕಣಿವೆಯ ಆಸ್ಪತ್ರೆಗಳಲ್ಲಿ ತರಬೇತಿಗೆ ಹೋಗುವವರಿಗೆ ಮಾತ್ರ ಇರಲಿ. ಒಂದು ಸೆಮಿಸ್ಟರ್, ಬರೀ ಮಾತಾಡೋದು, ವ್ಯಾಕರಣ ಬೇಡ.

ನದೀಮ್: ಪಾಠ ಮಾಡೋಕೆ ಊರಿನ ಹಿರಿಯರನ್ನೇ ಕರೆಯಲಿ, ಸಂಬಳ ಕೊಟ್ಟು. ಪ್ಯಾರಿಸ್ ಫ್ರೆಂಚ್ ಬೇಡ.

ಸುಮಾ: ಸಂಬಳದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಒಂದು ಸೆಮಿಸ್ಟರ್ ಸಾಲಲ್ಲ, ಎರಡಾದರೂ ಬೇಕು.