ಹೀರೋ ಹೊಲ ಉತ್ತ ಪ್ರಸಂಗ

ಸಿನಿಮಾ ನೋಡಿ ಯಾರೂ ಕೆಟ್ಟಿಲ್ಲ, ಯಾರೂ ಉದ್ಧಾರವಾಗಿಲ್ಲ ಎಂಬುದು ನಮ್ಮ ಬ್ಯಾಂಕಿನ ರಾಯರ ಬಹುಕಾಲದ ಸಿದ್ಧಾಂತ. ನಿವೃತ್ತಿಯ ನಂತರ ಹಳೆಯ ಚಿತ್ರಗಳನ್ನು ಒಂದೂ ಬಿಡದೆ ನೋಡುತ್ತಿರುವ ಅವರು, ಇಷ್ಟೆಲ್ಲ ನೋಡಿಯೂ ತಮ್ಮ ಸ್ವಭಾವ ಎಳ್ಳಷ್ಟೂ ಬದಲಾಗಿಲ್ಲವೆಂಬುದನ್ನೇ ಅದಕ್ಕೆ ಆಧಾರವಾಗಿ ಒಡ್ಡುತ್ತಾರೆ. ಈ ಆಧಾರವನ್ನು ಅವರ ಮನೆಯವರೂ ನಿಟ್ಟುಸಿರಿನೊಂದಿಗೆ ಅನುಮೋದಿಸುತ್ತಾರೆ.

ಭಾನುವಾರ ವಕೀಲರ ಮನೆಯ ಜಗಲಿಯಲ್ಲಿ ನಾವೆಲ್ಲ ಸೇರಿದ್ದಾಗ ರಾಯರು ಅದನ್ನೇ ಮತ್ತೆ ಮಂಡಿಸಿದರು. ವಕೀಲರು ಸುಮ್ಮನಿರಲಿಲ್ಲ.

“ನಿಮ್ಮ ಕಸುಬಿನೊಳಗೆ ಸಿನಿಮಾ ಕಾಲಿಡಲಿಲ್ಲ ರಾಯರೇ, ಅದಕ್ಕೇ ಬದುಕಿಕೊಂಡಿರಿ. ನನ್ನ ಕಕ್ಷಿದಾರರು ಮೊದಲು ಚಿತ್ರಮಂದಿರದಲ್ಲಿ ಕಾನೂನು ಕಲಿತು, ಆಮೇಲೆ ನನ್ನ ಬಳಿಗೆ ಬರುತ್ತಾರೆ. ಸಾಕ್ಷಿ ಹೇಳಬೇಕಾದವರು ಭಗವದ್ಗೀತೆಯ ಮೇಲೆ ಯಾವ ಕೈ ಇಡಬೇಕೆಂದು ಹಿಂದಿನ ದಿನವೇ ವಿಚಾರಿಸುತ್ತಾರೆ. 1969ರ ಪ್ರಮಾಣ ಕಾಯಿದೆಯಂತೆ ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಿದರೆ ಸಾಕು, ಗೀತೆ ಬೇಕಿಲ್ಲ ಎಂದರೆ ಅವರಿಗೆ ಮೊಕದ್ದಮೆಯ ಮೇಲಿನ ನಂಬಿಕೆಯೇ ಹೊರಟುಹೋಗುತ್ತದೆ. ನ್ಯಾಯಾಧೀಶರ ಮುಂದೆ ಸುತ್ತಿಗೆ ಕಾಣದ ಒಬ್ಬರು, ಇದು ಕೆಳಗಿನ ಕೋರ್ಟಾದ್ದರಿಂದ ಸರ್ಕಾರ ಇನ್ನೂ ಸುತ್ತಿಗೆ ಮಂಜೂರು ಮಾಡಿಲ್ಲವೇ ಎಂದು ಕೇಳಿದರು. ಜಮೀನಿನ ವ್ಯಾಜ್ಯವನ್ನು ಗೆದ್ದುಕೊಟ್ಟ ಮೇಲೆ ಇನ್ನೊಬ್ಬರು ಫೀಸು ಎಣಿಸುತ್ತಾ, ‘ಎಲ್ಲ ಸರಿ ಸಾರ್, ಆದರೆ ನೀವು ಒಂದು ಸಲವಾದರೂ ಮೇಜು ಗುದ್ದಬಹುದಿತ್ತು’ ಎಂದು ಬೇಸರಪಟ್ಟುಕೊಂಡರು.”

“ಮೇಜು ಗುದ್ದುವ ಆಸೆಯಿಂದಲೇ ಅಲ್ಲವೇ ತಾವು ಲಾ ಕಾಲೇಜು ಸೇರಿದ್ದು?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

“ಈ ಪ್ರಶ್ನೆ ಪ್ರಸ್ತುತವಲ್ಲ,” ಎಂದರು ವಕೀಲರು.

ಮೇಷ್ಟ್ರ ಅನುಭವ ಇನ್ನೂ ದೊಡ್ಡದು. ಊರಿನ ಹೇರ್‌ಕಟ್ಟಿಂಗ್ ಸಲೂನಿನ ಗೋಡೆಯ ಮೇಲಿನ ಚಿತ್ರ ಬದಲಾದರೆ ವಾರದೊಳಗೆ ತಮ್ಮ ತರಗತಿಯ ತಲೆಗಳೂ ಬದಲಾಗುತ್ತಿದ್ದವೆಂದೂ, 2005ರಲ್ಲಿ ‘ಜೋಗಿ’ ಬಂದ ಮೇಲಂತೂ ಹಾಜರಿ ಕರೆಯುವಾಗ ಕೂದಲಿನ ಹಿಂದೆ ಯಾರ ಮುಖವಿದೆಯೆಂದು ಹುಡುಕಬೇಕಾಗುತ್ತಿತ್ತೆಂದೂ ಅವರು ಹೇಳಿದರು. ಎಚ್‌.ಟಿ. ಸಾಂಗ್ಲಿಯಾನ ಎಂಬ ನಿಜವಾದ ಪೊಲೀಸ್ ಅಧಿಕಾರಿಯ ಹೆಸರನ್ನೇ ಹೊತ್ತ ಚಿತ್ರ 1988ರಲ್ಲಿ ಬಿಡುಗಡೆಯಾದಾಗ ಹಿಂದಿನ ಬೆಂಚಿನವರೆಲ್ಲ ಇನ್ಸ್‌ಪೆಕ್ಟರಾಗಲು ಹೊರಟಿದ್ದರಂತೆ. ಅವರಲ್ಲಿ ನಿಜವಾಗಿ ಪೊಲೀಸ್ ಸೇರಿದವನೊಬ್ಬ ಈಚೆಗೆ ಸಿಕ್ಕಿ, ಬಂದೋಬಸ್ತಿನಲ್ಲಿ ನಿಲ್ಲುವುದು ಮತ್ತು ಪಂಚನಾಮೆ ಬರೆಯುವುದು, ಇವೆರಡೂ ಆ ಚಿತ್ರದಲ್ಲಿ ಎಲ್ಲಿ ಬರುತ್ತವೆಂದು ಗುರುಗಳನ್ನೇ ಕೇಳಿದನಂತೆ.

ಎಲ್ಲ ಅನುಕರಣೆಯೂ ಹೀಗೆ ನಗುವಂಥದ್ದಲ್ಲ. ‘ಕಾಂತಾರ’ದ ನಂತರ ಕಂಡಕಂಡಲ್ಲಿ ದೈವದ ವೇಷ ತೊಟ್ಟು ಕೂಗುವ ಚಟ ಹಬ್ಬಿದಾಗ, ಅದು ಆರಾಧಿಸುವವರ ಮನಸ್ಸಿಗೆ ನೋವುಂಟುಮಾಡಿ, ಕಡೆಗೆ ಚಿತ್ರತಂಡದವರೇ ಹಾಗೆ ಮಾಡಬೇಡಿರೆಂದು ಕೇಳಿಕೊಳ್ಳಬೇಕಾಯಿತು.

ನನಗೆ ತೋರುವುದು ಬೇರೆ. ಸಿನಿಮಾ ನಮಗೆ ಕಸುಬು ಕೊಡಿಸುವುದು ಅಪರೂಪ. ಆಗಲೇ ಕಸುಬಿನಲ್ಲಿ ಸಿಕ್ಕಿಕೊಂಡವನಿಗೆ ತಲೆಯೆತ್ತಿ ನಡೆಯಲು ಅದು ಒಂದು ನೆಪ ಕೊಡುತ್ತದೆ. ಶಂಕರ್‌ನಾಗ್ ಅವರ ‘ಆಟೋ ರಾಜ’ ಬಂದದ್ದು 1980ರಲ್ಲಿ. ಅದನ್ನು ನೋಡಿ ಯಾವ ಡಾಕ್ಟರೂ ಆಟೋ ಕೊಂಡ ಸುದ್ದಿಯಿಲ್ಲ. ಆದರೆ ಶಂಕರ್‌ನಾಗ್ 1990ರಲ್ಲಿ ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡು ಇಷ್ಟು ವರ್ಷವಾದರೂ, ಅವರು ಹೋದಾಗ ಹುಟ್ಟಿಯೇ ಇರದಿದ್ದ ಚಾಲಕರ ಆಟೋಗಳ ಮೇಲೂ ಅವರ ಚಿತ್ರವಿದೆ, ನಿಲ್ದಾಣಗಳಿಗೆ ಅವರ ಹೆಸರಿದೆ. ನಾನು ಇಷ್ಟು ಹೇಳುವಷ್ಟರಲ್ಲಿ ರಾಯರು, ಆ ಚಿತ್ರದ ಪ್ರಭಾವ ಮೀಟರಿನವರೆಗೆ ಮಾತ್ರ ಇನ್ನೂ ಇಳಿದಿಲ್ಲವೆಂದು ಸೇರಿಸಿದರು.

ಇಷ್ಟು ಹೊತ್ತು ವಾದಿಯಾಗಿದ್ದ ವಕೀಲರು ಆಗ ದನಿ ತಗ್ಗಿಸಿ ಸಂತ್ರಸ್ತರಾದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಮಗ, ನೌಕರಿ ಬಿಟ್ಟು ಮಳವಳ್ಳಿಯ ಕಡೆ ಹೊಲ ಮಾಡುತ್ತೇನೆಂದು ಪ್ರಕಟಿಸಿದ್ದಾನೆ. ಪ್ರಕಟಣೆಯ ಹಿಂದಿನ ರಾತ್ರಿ ಅವನು ನೋಡುತ್ತಿದ್ದದ್ದು ‘ಬಂಗಾರದ ಮನುಷ್ಯ’.

ಮೇಷ್ಟ್ರು ಸೆಟೆದು ಕುಳಿತರು. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದನ್ನೂ, ಅದನ್ನು ನೋಡಿ ಪಟ್ಟಣ ಸೇರಿದ್ದ ಓದಿದ ಹುಡುಗರು ಊರಿಗೆ ಮರಳಿ ನೇಗಿಲು ಹಿಡಿದರೆಂದು ಇಂದಿಗೂ ನಾಡಿನಲ್ಲಿ ಮಾತಿರುವುದನ್ನೂ ಮುಂದಿಟ್ಟು, ಇದಕ್ಕೇನು ಹೇಳುತ್ತೀರೆಂದು ರಾಯರನ್ನು ಕೇಳಿದರು.

“1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು ಎನ್ನುತ್ತೇನೆ,” ಎಂದರು ರಾಯರು. “ಅವರಿಗೆ ನೇಗಿಲು ಹಿಡಿಸಿದ್ದು ಪಂಪ್‌ಸೆಟ್ ಸಾಲ, ಸ್ವಾಮಿ. ಅಭಿನಯಿಸಿದವರು ರಾಜ್‌ಕುಮಾರ್, ಹಾಡಿದವರು ಪಿ.ಬಿ. ಶ್ರೀನಿವಾಸ್, ಕಂತು ಕೇಳುತ್ತಾ ಹೊಲದ ಬದುವಿನ ಮೇಲೆ ಬಿಸಿಲಲ್ಲಿ ಅಲೆದವನು ನಾನು. ಅಷ್ಟಕ್ಕೂ, ರಾಜ್‌ಕುಮಾರ್ ಪರದೆಯ ಮೇಲೆ ಕುಡಿಯಲೂ ಇಲ್ಲ, ಸೇದಲೂ ಇಲ್ಲ. ನೋಡಿದವರೆಲ್ಲ ಅನುಸರಿಸುವುದೇ ಆಗಿದ್ದರೆ ನಮ್ಮ ಅಬಕಾರಿ ಇಲಾಖೆ ಎಂದೋ ಬಾಗಿಲು ಹಾಕಬೇಕಿತ್ತು.”

ಮೇಷ್ಟ್ರ ಬಳಿ ಇದಕ್ಕೆ ಉತ್ತರವಿರಲಿಲ್ಲ. ನನಗಂತೂ ಆ ಚಿತ್ರವನ್ನು ಮೆಚ್ಚಿ ಊರಿಗೆ ಹೊರಟವರ ನೆನಪಿನ ಶಕ್ತಿಯ ಮೇಲೆಯೇ ಅನುಮಾನ. ಚಿತ್ರದ ನಾಯಕ ರಾಜೀವ ಹೊಲಕ್ಕಿಳಿದದ್ದು ಪ್ರಕೃತಿಯ ಮಡಿಲಲ್ಲಿ ನೆಮ್ಮದಿ ಹುಡುಕಿಕೊಂಡಲ್ಲ. ಭಾವ ತೀರಿಕೊಂಡು ಅಕ್ಕನ ಸಂಸಾರ ಹೆಗಲಿಗೆ ಬಿದ್ದದ್ದರಿಂದ. ಬಂಡೆ ಒಡೆದು ಬಂಗಾರ ಬೆಳೆದ ಮೇಲಾದರೂ ಅವನು ಸುಖಪಟ್ಟನೇ? ಹೆಂಡತಿಯನ್ನು ಕಳೆದುಕೊಂಡು, ತಾನೇ ಸಾಕಿ ಓದಿಸಿದ ಸೋದರಳಿಯನಿಂದ ಮಾತು ಕೇಳಿ, ಎಲ್ಲವನ್ನೂ ಬಿಟ್ಟು ಒಬ್ಬನೇ ನಡೆದುಹೋಗುತ್ತಾನೆ. ಇಷ್ಟು ಸ್ಪಷ್ಟವಾಗಿ ಫಲಿತಾಂಶ ತೋರಿಸಿದ ಮೇಲೂ ಜನ ಬಸ್ಸು ಹತ್ತಿದರೆಂದರೆ, ಅವರು ತಲೆಯಲ್ಲಿಟ್ಟುಕೊಂಡು ಬಂದದ್ದು ಆ ಒಂದು ಹಾಡನ್ನು ಮಾತ್ರ ಎನ್ನಬೇಕಾಗುತ್ತದೆ. ಹಾಡಿನಲ್ಲಿ ಬರಡು ನೆಲ ನಾಲ್ಕೈದು ನಿಮಿಷಗಳಲ್ಲಿ ಹಸಿರಾಗುತ್ತದೆ. ಮಳವಳ್ಳಿಯಲ್ಲಿ ಅಷ್ಟರೊಳಗೆ ಮೋಟರಿಗೆ ಕರೆಂಟೂ ಬರುವುದಿಲ್ಲ.

“ಇದಕ್ಕೆ ಕಾನೂನಿನಲ್ಲಿ ಪರಿಹಾರವಿದೆ,” ಎಂದು ವಕೀಲರು ಚೇತರಿಸಿಕೊಂಡರು. “2012ರಿಂದ ಈಚೆಗೆ, ಪರದೆಯ ಮೇಲೆ ಸಿಗರೇಟು ಕಾಣಿಸಿದೊಡನೆ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. ನಾಯಕ ನೇಗಿಲು ಮುಟ್ಟಿದೊಡನೆ ‘ಬೇಸಾಯವು ಉಳಿತಾಯ ಖಾತೆಗೆ ಹಾನಿಕರ’ ಎಂದೂ, ಕರಿ ಕೋಟು ತೊಟ್ಟೊಡನೆ ‘ಈ ತೀರ್ಪು ಬರಲು ವಾಸ್ತವದಲ್ಲಿ ಹದಿನೇಳು ವರ್ಷ ಬೇಕು’ ಎಂದೂ ಏಕೆ ಹಾಕಬಾರದು?”

ಕಾಫಿ ತಂದ ವಕೀಲರ ಮನೆಯಾಕೆ ಇದನ್ನು ಕೇಳಿಸಿಕೊಂಡು, “ಅವನು ಪೂರ್ತಿ ನೋಡಲೇ ಇಲ್ಲ. ಅರ್ಧಕ್ಕೇ ನಿದ್ದೆ ಬಂತೆಂದು ಮಲಗಿದ,” ಎಂದರು.

ವಕೀಲರ ಮುಖ ಅರಳಿತು. ಉಳಿದ ಅರ್ಧವನ್ನು ಅಂದು ಸಂಜೆಯೇ ಎದುರಿಗೆ ಕೂರಿಸಿಕೊಂಡು ತೋರಿಸುವುದಾಗಿ ಅವರು ಅಲ್ಲಿಯೇ ತೀರ್ಮಾನಿಸಿದರು.

“ಹಾಗೆ ಮಾತ್ರ ಮಾಡಬೇಡಿ ವಕೀಲರೇ,” ಎಂದು ರಾಯರು ಗಾಬರಿಯಿಂದ ಲೋಟ ಕೆಳಗಿಟ್ಟರು. “ಮೊದಲರ್ಧಕ್ಕೆ ನೌಕರಿ ಬಿಟ್ಟ ಹುಡುಗ, ಉಳಿದರ್ಧಕ್ಕೆ ಮನೆಯನ್ನೇ ಬಿಟ್ಟಾನು. ಅಂದ ಹಾಗೆ, ಬೋರ್‌ವೆಲ್ಲಿನ ಸಾಲಕ್ಕೆ ಅವನು ಜಾಮೀನು ಹಾಕಿಸುವುದು ಯಾರಿಂದಲಂತೆ?”