ನಾಲ್ಕು ರ‍್ಯಾಮ್ ಹಾಕಿದ ಹೊಸ ಪಿಸಿಯಲ್ಲಿ ಪದೇ ಪದೇ ಬ್ಲೂ ಸ್ಕ್ರೀನ್, ಏನು ಮಾಡಲಿ?

ಹೇಮಾವತಿ ತೀರ (ಹಾಸನ):
ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 650 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ರ‍್ಯಾಮ್ ಡಿಡಿಆರ್5, ವೇಗ 6000, 16 ಜಿಬಿಯ ನಾಲ್ಕು ಸ್ಟಿಕ್. ಒಂದೇ ಮಾಡೆಲ್, ಆದರೆ ಎರಡು ಬೇರೆ ಬೇರೆ ಕಿಟ್ (ಎರಡೆರಡು ಸ್ಟಿಕ್ ಒಟ್ಟಿಗೆ ಬರೋ ಪ್ಯಾಕ್). ಎಕ್ಸ್‌ಪೋ (ರ‍್ಯಾಮನ್ನ ಪ್ಯಾಕ್ ಮೇಲೆ ಬರೆದ ವೇಗಕ್ಕೆ ಓಡಿಸೋ ಸೆಟ್ಟಿಂಗ್) ಆನ್ ಇದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ನೀಲಿ ಪರದೆ ಬರುತ್ತೆ, ಇನ್ನೊಮ್ಮೆ ಬೇರೆ ಯಾವುದೋ ಹೆಸರು. ಬ್ರೌಸರ್ ಟ್ಯಾಬ್ ತಾನಾಗಿ ಸಾಯುತ್ತೆ. ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಸಿಆರ್‌ಸಿ ಎರರ್ (ಡೇಟಾ ಕೆಟ್ಟಿದೆ ಅನ್ನೋ ಸಂದೇಶ), ಅದೇ ಫೈಲ್ ಮತ್ತೆ ಬಿಚ್ಚಿದರೆ ಸರಿ. ವಿಂಡೋಸ್‌ನ ಮೆಮೊರಿ ಟೆಸ್ಟ್ ಮಾತ್ರ ದೋಷ ಇಲ್ಲ ಅನ್ನುತ್ತೆ. ವಿಂಡೋಸ್ ಮತ್ತೆ ಹಾಕಬೇಕಾ?

ಬಿಎಂ ರಸ್ತೆ (ಹಾಸನ):
ಈಗಲೇ ವಿಂಡೋಸ್ ಹಾಕಬೇಡಿ ಸರ್. ರ‍್ಯಾಮ್ ತಪ್ಪು ಓದ್ತಾ ಇರುವಾಗ ಹಾಕಿದರೆ ಆ ತಪ್ಪೇ ಡಿಸ್ಕಿಗೆ ಬರೆದುಕೊಂಡು ಕೂರುತ್ತೆ. ನೀವು ಹೇಳಿದ್ದರಲ್ಲಿ ದೊಡ್ಡ ಸುಳಿವು ಜಿಪ್ ಫೈಲೇ. ಡಿಸ್ಕಿನಲ್ಲಿರೋ ಫೈಲ್ ಬದಲಾಗಿಲ್ಲ, ಆದರೂ ಒಮ್ಮೆ ತಪ್ಪು ಒಮ್ಮೆ ಸರಿ ಅಂದರೆ ನಡುವೆ ಮೆಮೊರಿಯಲ್ಲಿ ಬಿಟ್ ತಿರುಗ್ತಾ ಇದೆ.

ನನ್ನ ಅನುಮಾನ ಸ್ಟಿಕ್ ಮೇಲಲ್ಲ, ನಾಲ್ಕನ್ನೂ 6000ಕ್ಕೆ ಓಡಿಸ್ತಿರೋದರ ಮೇಲೆ. ಈ ಪ್ರೊಸೆಸರ್‌ಗೆ ಎಎಂಡಿ ಅಧಿಕೃತವಾಗಿ ಹೇಳೋದು ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ ಬರೀ 3600. ಎಕ್ಸ್‌ಪೋ ಅಂದರೆ ಓವರ್‌ಕ್ಲಾಕ್, ಅಂದರೆ ಅಧಿಕೃತ ವೇಗಕ್ಕಿಂತ ಜಾಸ್ತಿ ಓಡಿಸೋದು. ಕಂಪನಿಯವರು ಒಂದು ಕಿಟ್‌ನ ಎರಡು ಸ್ಟಿಕ್ಕನ್ನ ಒಟ್ಟಿಗೆ ಪರೀಕ್ಷೆ ಮಾಡಿರ‍್ತಾರೆ, ನಾಲ್ಕನ್ನಲ್ಲ. ಮಾಡೆಲ್ ನಂಬರ್ ಒಂದೇ ಆದರೂ ಒಳಗಿನ ಚಿಪ್ ಬೇರೆ ತಯಾರಕರದ್ದು ಇರಬಹುದು.

ಮೊದಲು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮೊದಲು ತೆರೆಯೋ ಬೋರ್ಡ್ ಸೆಟ್ಟಿಂಗ್) ಎಕ್ಸ್‌ಪೋ ಆಫ್ ಮಾಡಿ. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷೆ ಮಾಡೋ ತಂತ್ರಾಂಶ) ಹಾಕಿ ಬೂಟ್ ಮಾಡಿ, ನಾಲ್ಕು ಪಾಸ್ (ಸುತ್ತು) ಪೂರ್ತಿ ಓಡಲಿ. 64 ಜಿಬಿಗೆ ರಾತ್ರಿಯೆಲ್ಲಾ ಬಿಡಬೇಕು. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ. ಆಮೇಲೆ ಒಂದು ಕಿಟ್ ತೆಗೆದು, ಇನ್ನೊಂದನ್ನ ಎ2, ಬಿ2 ಸ್ಲಾಟ್‌ಗೆ ಹಾಕಿ (ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು), ಎಕ್ಸ್‌ಪೋ ಆನ್ ಮಾಡಿ ಮತ್ತೆ ಟೆಸ್ಟ್. ಎರಡನೇ ಕಿಟ್‌ಗೂ ಹೀಗೇ. ಯಾವುದಾದರೂ ಕಿಟ್ ಫೇಲ್ ಆದರೆ ಆಗ ಒಂದೊಂದೇ ಸ್ಟಿಕ್ಕನ್ನ ಎ2ನಲ್ಲಿ ಇಟ್ಟು ನೋಡಿ.

ರ‍್ಯಾಮ್ ಬದಲಿಸಿದ ಮೇಲೆ ಮೊದಲ ಬೂಟ್‌ನಲ್ಲಿ ಪರದೆ ಹಲವು ನಿಮಿಷ ಕಪ್ಪಾಗೇ ಇರುತ್ತೆ, ಅದು ಮೆಮೊರಿ ಟ್ರೇನಿಂಗ್, ಬೋರ್ಡ್ ಹೊಸ ಮೆಮೊರಿಗೆ ಹೊಂದಿಕೊಳ್ತಾ ಇರೋದು. ಕೆಟ್ಟುಹೋಯ್ತು ಅಂದುಕೊಂಡು ಸ್ವಿಚ್ ತೆಗೀಬೇಡಿ.

ಕಾಫಿ ಕಣ (ಚಿಕ್ಕಮಗಳೂರು):
ಮೇಲಿನವರು ಹೇಳಿದ್ದು ಸರಿ. ಸ್ಟಿಕ್ ಬದಲಿಸುವಾಗ ಎಸ್‌ಎಂಪಿಎಸ್ ಸ್ವಿಚ್ ಆಫ್ ಇರಲಿ. ಸುಮಾರು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತೆ, ಕ್ಲಿಪ್ ಇಲ್ಲದ ತುದಿ ಅರ್ಧ ಮಾತ್ರ ಕೂತಿದ್ದರೂ ಕಣ್ಣಿಗೆ ಗೊತ್ತಾಗಲ್ಲ. ಎರಡೂ ತುದಿ ಒತ್ತಿ.

ಬಯೋಸ್ ಹಳೇದಿದ್ದರೆ ಅಪ್‌ಡೇಟ್ ಮಾಡಿ, ರ‍್ಯಾಮ್ ಹೊಂದಾಣಿಕೆ ಎಷ್ಟೋ ಸುಧಾರಿಸುತ್ತೆ. ಆದರೆ ಯುಪಿಎಸ್ ಇಲ್ಲದೆ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬೋ ಹಾಗಿಲ್ಲ, ನಡುವೆ ಹೋದರೆ ಬೋರ್ಡೇ ಹೋಗಬಹುದು. ಯಾರಾದರೂ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗಿನ ಮೆಮೊರಿ ನಿಯಂತ್ರಕ ಇರೋ ಭಾಗಕ್ಕೆ ಹೋಗೋ ವೋಲ್ಟೇಜ್) ಏರಿಸಿ ಅಂದರೆ 1.3 ವೋಲ್ಟ್ ದಾಟಬೇಡಿ, ಪ್ರೊಸೆಸರ್ ಸುಟ್ಟುಹೋಗಬಹುದು.

ಹೇಮಾವತಿ ತೀರ:
ಎಕ್ಸ್‌ಪೋ ಆಫ್ ಮಾಡಿದಾಗ ನಾಲ್ಕೂ 3600ರಲ್ಲಿ ಸೊನ್ನೆ ಎರರ್. ಎರಡೂ ಕಿಟ್ ಒಂದೊಂದಾಗಿ 6000ರಲ್ಲಿ ಪಾಸ್. ನಾಲ್ಕೂ 6000ರಲ್ಲಿ ಮೊದಲ ಸುತ್ತಿನಲ್ಲೇ ಎರರ್‌ನ ಕೆಂಪು ಸಾಲು.

ಬಿಎಂ ರಸ್ತೆ:
ಹಾಗಾದರೆ ಸ್ಟಿಕ್ ಎಲ್ಲಾ ಗಟ್ಟಿ ಇವೆ, ವಾರಂಟಿಗೆ ಕಳಿಸಿ ಪ್ರಯೋಜನ ಇಲ್ಲ. ಅಂಗಡಿಯವರು ಒಪ್ಪಿದರೆ ಎರಡೂ ಕಿಟ್ ಕೊಟ್ಟು 32 ಜಿಬಿಯ ಎರಡು ಸ್ಟಿಕ್ ಇರೋ ಒಂದೇ ಕಿಟ್ ತಗೊಳ್ಳಿ, ನಿಮ್ಮ ಬೋರ್ಡ್ ಕಂಪನಿ ಕೊಟ್ಟಿರೋ, ಹೊಂದುವ ಮೆಮೊರಿಗಳ ಪಟ್ಟಿಯಲ್ಲಿ ಇರೋದನ್ನೇ. ಒಪ್ಪದಿದ್ದರೆ ನಾಲ್ಕನ್ನೂ ಕೈಯಾರೆ 4800ಕ್ಕೆ ಇಟ್ಟು ರಾತ್ರಿ ಟೆಸ್ಟ್ ಮಾಡಿ, ಪಾಸಾದರೆ ಅಲ್ಲೇ ನಿಲ್ಲಿಸಿ. 64 ಜಿಬಿ ನಿಜಕ್ಕೂ ಬೇಕಿರೋ ಕೆಲಸಕ್ಕೆ ವೇಗಕ್ಕಿಂತ ಜಾಗ ಮುಖ್ಯ. ಅದೆಲ್ಲಾ ಆದ ಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್ (sfc /scannow) ಓಡಿಸಿ, ಇಷ್ಟು ದಿನದಲ್ಲಿ ಕೆಟ್ಟ ಸಿಸ್ಟಂ ಫೈಲ್ ಇದ್ದರೆ ಅದು ಸರಿ ಮಾಡುತ್ತೆ. ಈ ನಡುವೆ ಕಾಪಿ ಮಾಡಿದ ಫೋಟೊ, ಲೆಕ್ಕದ ಫೈಲ್ ಇದ್ದರೆ ಮೂಲದಿಂದ ಇನ್ನೊಮ್ಮೆ ಕಾಪಿ ಮಾಡ್ಕೊಳ್ಳಿ.