ಪದ ಬೇಕು (ತುರ್ತು): ಮಣ್ಣಿನ ಗೊಂಬೆಯ ‘ಗೊಫುನ್’

ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಅನುವಾದ ಕೊಡಬೇಕು. ಜಪಾನಿನ ಹಳೇ ಮಣ್ಣಿನ ಗೊಂಬೆ ಕೂಡಿಡುವವರಿಗಾಗಿ ಬರೆದ ಲೇಖನ. ಕ್ಯೋಟೊದ ಫುಶಿಮಿ, ನಾಗಸಾಕಿ ಕಡೆಯ ಕೋಗಾ ಗೊಂಬೆಗಳ ವಿಚಾರ. ‘ತ್ಸುಚಿ ನಿಂಗ್ಯೋ’ಗೆ ‘ಮಣ್ಣಿನ ಗೊಂಬೆ’ ಸಲೀಸಾಗಿ ಕೂತಿತು. ‘ಗೊಫುನ್’ ಹತ್ತಿರ ನಿಂತಿದ್ದೇನೆ. ಅಚ್ಚಿನಲ್ಲಿ ಒತ್ತಿ ಸುಟ್ಟ ಗೊಂಬೆಗೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅದು. ಸಿಂಪಿಯ ಚಿಪ್ಪನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ನುಣ್ಣಗೆ ಅರೆದು, ಸರೇಸು ಎಂಬ ಅಂಟಿನಲ್ಲಿ ಕಲಸುತ್ತಾರೆ. ‘ಚಿಪ್ಪಿನ ಸುಣ್ಣ’ ಅನ್ನಬಹುದಾ?

ಉತ್ತರ 1
ಧಾರಾಳವಾಗಿ ಅನ್ನಿ. ಕರಾವಳಿಯಲ್ಲಿ ಚಿಪ್ಪಿನಿಂದಲೇ ಸುಣ್ಣ ಮಾಡುತ್ತಿದ್ದರು. ಅಂದಹಾಗೆ, ‘ಗೊಂಬೆ’ ಬಂದದ್ದು ‘ಬಿಂಬ’ದಿಂದ ಅನ್ನುವವರಿದ್ದಾರೆ. ‘ನಿಂಗ್ಯೋ’ ಅಂದರೂ ಮನುಷ್ಯನ ಆಕಾರ. ಎರಡೂ ಚೆನ್ನಾಗಿ ಹೊಂದುತ್ತವೆ.

ಉತ್ತರ 2
‘ಬಿಂಬ’ದ ಮಾತು ಒಪ್ಪಲಾರೆ. ತಮಿಳಿನ ಬೊಮ್ಮೈ, ತೆಲುಗಿನ ಬೊಮ್ಮ, ನಮ್ಮ ಬೊಂಬೆ, ಮೂರೂ ಅಕ್ಕತಂಗಿಯರು. ಎಲ್ಲದಕ್ಕೂ ಸಂಸ್ಕೃತದ ಬಾಗಿಲು ತಟ್ಟಬೇಡಿ. ಗೊಫುನ್ ಕೂಡ ಬೇಡ. ‘ಚಿಪ್ಪುಬಿಳಿ’ ಅನ್ನಿ, ಮುಗಿಯಿತು.

ಉತ್ತರ 3
ಗೊಂಬೆಯ ಹುಟ್ಟು ಆಮೇಲೆ ನೋಡೋಣ. ‘ಸುಣ್ಣ’ ಮಾತ್ರ ಖಂಡಿತ ಬೇಡ. ಸುಣ್ಣಕ್ಕೆ ಚಿಪ್ಪನ್ನು ಸುಡಬೇಕು. ಗೊಫುನ್‌ಗೆ ಸುಡುವುದಿಲ್ಲ, ಅರೆಯುತ್ತಾರೆ ಅಷ್ಟೆ. ಸುಣ್ಣ ಬಳಿದ ಗೋಡೆ ಮಳೆಗೂ ನಿಲ್ಲುತ್ತದೆ. ಗೊಫುನ್ ನಿಂತಿರುವುದು ಸರೇಸಿನ ಹಿಡಿತದಲ್ಲಿ. ನೀರು ತಾಕಿದರೆ ಸಡಿಲವಾಗಿ ಎದ್ದುಬರುತ್ತದೆ.

ನನ್ನ ಹತ್ತಿರ ಫುಶಿಮಿಯ ‘ಮಂಜೂ-ಕುಯಿ’ ಗೊಂಬೆ ಒಂದಿದೆ. ಅಪ್ಪ ಇಷ್ಟವೋ ಅಮ್ಮ ಇಷ್ಟವೋ ಅಂತ ಕೇಳಿದಾಗ, ಕೈಯಲ್ಲಿದ್ದ ಹೂರಣದ ತಿಂಡಿ ಮುರಿದು, ಇದರಲ್ಲಿ ಯಾವ ಹೋಳು ಜಾಸ್ತಿ ರುಚಿ ಅಂತ ತಿರುಗಿ ಕೇಳಿದ ಹುಡುಗ. ಧೂಳು ಕೂತಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದು ಕೆನ್ನೆ ಬಟ್ಟೆಗೆ ಬಂತು. ಕೆಳಗಿನ ಕೆಂಪು ಮಣ್ಣು ಕಂಡಾಗ ಆದ ಸಂಕಟ ಇನ್ನೂ ಹೋಗಿಲ್ಲ. ನಿಮ್ಮ ಲೇಖನ ಓದಿ ಇನ್ನೊಬ್ಬರು ಹಾಗೆ ಮಾಡಬಾರದು.

ಉತ್ತರ 2ರವರಿಗೆ: ‘ಗೊಫುನ್’ನಲ್ಲಿ ‘ಫುನ್’ ಅಂದರೆ ಪುಡಿ. ‘ಗೊ’ ಅಂದರೆ ಚೀನಾದವರು ತಮ್ಮ ಉತ್ತರ, ಪಡುವಣದ ಹೊರಗಿನ ಜನಕ್ಕೆ ಇಟ್ಟ ಹೆಸರು. ಹೊರನಾಡಿನ ಪುಡಿ ಅಂತಲೇ ಕರೆದುಕೊಂಡು ಜಪಾನಿನವರು ಅದನ್ನು ತಮ್ಮದಾಗಿಸಿಕೊಂಡರು. ನಾವು ಒಂದು ಪದ ತಂದರೆ ಕನ್ನಡಕ್ಕೆ ಏನು ನಷ್ಟ?

ಉತ್ತರ 2ರವರು
ಅವರು ತಂದರು ಅಂತ ನಾವೂ ತರಬೇಕಾ? ಚಿಪ್ಪು ನಮ್ಮಲ್ಲಿದೆ, ಬಿಳಿ ನಮ್ಮಲ್ಲಿದೆ. ಒಪ್ಪುವುದಿಲ್ಲ.

ಕೇಳಿದವರು
ಮೊದಲ ಸಲ ‘ಗೊಫುನ್ ಎಂಬ ಚಿಪ್ಪಿನ ಬಿಳಿ’, ಆಮೇಲೆಲ್ಲ ‘ಚಿಪ್ಪಿನ ಬಿಳಿ’ ಅಂತ ಬರೆದೆ. ‘ಒಣ ಕುಂಚದಿಂದಷ್ಟೇ ಧೂಳು ತೆಗೆಯಿರಿ’ ಅನ್ನುವುದನ್ನೂ ಸೇರಿಸಬಹುದಾ ಅಂತ ಸಂಪಾದಕರನ್ನು ಕೇಳಿದ್ದೇನೆ.